ಹಳೆಯ ಗಣಕಕ್ಕೆ ಹೊಸ ವೇಗ: ಹೊರಗಿನವರ ತಂತ್ರಾಂಶದಿಂದ ಲಾಭವೆಷ್ಟು, ಅಪಾಯವೆಷ್ಟು?

ಮಂಡ್ಯ: ವಿಂಡೋಸ್ 10 ಆಪರೇಟಿಂಗ್ ಸಿಸ್ಟಂಗೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಉಚಿತ ಭದ್ರತಾ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಅಂದು ಯಾವ ಗಣಕಯಂತ್ರವೂ ನಿಂತುಹೋಗಲಿಲ್ಲ. ಮಂಡ್ಯದ ನೂರಡಿ ರಸ್ತೆ, ಮದ್ದೂರಿನ ಪೇಟೆ ಬೀದಿ, ಮಳವಳ್ಳಿಯ ಅನಂತರಾಂ ವೃತ್ತದ ಆಸುಪಾಸಿನ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿಗಳಲ್ಲಿ ಪಹಣಿ, ಜಾತಿ ಪ್ರಮಾಣಪತ್ರ, ಲಗ್ನಪತ್ರಿಕೆಗಳು ಎಂದಿನಂತೆ ಮುದ್ರಣಗೊಳ್ಳುತ್ತಲೇ ಇವೆ. ಬದಲಾದದ್ದು ಕಣ್ಣಿಗೆ ಕಾಣದ ಸಂಗತಿ. ಅಂದಿನಿಂದಾಚೆಗೆ ಪತ್ತೆಯಾಗುವ ಲೋಪಗಳಿಗೆ ಆ ಗಣಕಗಳಲ್ಲಿ ತಾನಾಗಿಯೇ ತೇಪೆ ಬೀಳುವುದಿಲ್ಲ.

ಇದೇ ಹೊತ್ತಿನಲ್ಲಿ ಗಣಕದ ಮಾಲೀಕರ ಮುಂದೆ ಇನ್ನೊಂದು ಆಮಿಷ ಬಂದು ನಿಂತಿದೆ. ‘ನಿಮ್ಮ ಗಣಕದಲ್ಲಿ 1,200 ದೋಷಗಳಿವೆ, ಒಂದೇ ಕ್ಲಿಕ್ಕಿನಲ್ಲಿ ವೇಗ ಮೂರು ಪಟ್ಟು ಹೆಚ್ಚಿಸಿ’ ಎನ್ನುವ ಮಾದರಿಯ ತಂತ್ರಾಂಶಗಳು ಅಂತರ್ಜಾಲದ ತುಂಬ ಇವೆ. ಗಣಕ ತಯಾರಿಸಿದವರೂ ಅಲ್ಲದ, ಆಪರೇಟಿಂಗ್ ಸಿಸ್ಟಂ ಬರೆದವರೂ ಅಲ್ಲದ ಮೂರನೆಯವರು ರೂಪಿಸಿದ ಸಲಕರಣೆಗಳಿವು. ರಿಜಿಸ್ಟ್ರಿ ಕ್ಲೀನರ್, ರ‍್ಯಾಮ್ ಬೂಸ್ಟರ್, ಡ್ರೈವರ್ ಅಪ್‌ಡೇಟರ್, ಅನಗತ್ಯ ಭಾಗಗಳನ್ನು ಕಿತ್ತೊಗೆಯುವ ಸ್ಕ್ರಿಪ್ಟ್, ಪ್ರೊಸೆಸರ್‌ನ ವೋಲ್ಟೇಜ್ ತಿದ್ದುವ ಸಾಧನ, ಕೊನೆಗೆ ಪರವಾನಗಿಯನ್ನೇ ಮುರಿಯುವ ‘ಆ್ಯಕ್ಟಿವೇಟರ್’ ಎಲ್ಲವೂ ಒಂದೇ ಸಾಲಿನಲ್ಲಿ ದೊರೆಯುತ್ತವೆ. ಇವುಗಳಲ್ಲಿ ಕೆಲವು ನಿಜಕ್ಕೂ ಉಪಯುಕ್ತ, ಕೆಲವು ನಿರುಪಯುಕ್ತ, ಕೆಲವು ಕಳ್ಳನನ್ನೇ ಮನೆಗೆ ಕರೆದು ಕೂರಿಸುವಂಥವು. ಮೂರನ್ನೂ ಬೇರ್ಪಡಿಸಿ ನೋಡುವ ವ್ಯವಧಾನ ಸಾಮಾನ್ಯ ಬಳಕೆದಾರನಿಗೆ ಇಲ್ಲದಿರುವುದೇ ಸಮಸ್ಯೆಯ ಮೂಲ.

ಹಳೆಯ ಯಂತ್ರ ಬಿಡಲಾಗದು ಏಕೆ?

ಹಳೆಯದನ್ನು ಎಸೆದು ಹೊಸದನ್ನು ಕೊಳ್ಳಿ ಎಂದು ಹೇಳುವುದು ಸುಲಭ. ಆದರೆ ಜಿಲ್ಲಾ ಕೇಂದ್ರ ಮತ್ತು ತಾಲ್ಲೂಕು ಕೇಂದ್ರಗಳ ಡಿಟಿಪಿ ಕೆಲಸದ ಸ್ವರೂಪವೇ ಬೇರೆ. ಅಡೋಬ್ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’, ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶಗಳ ಯೂನಿಕೋಡ್-ಪೂರ್ವ ಅಕ್ಷರಗಳ ಜತೆ ಪೇಜ್‌ಮೇಕರ್ ಬೆಸೆದುಕೊಂಡು ಎರಡು ದಶಕ ಕಳೆದಿವೆ. ಲಗ್ನಪತ್ರಿಕೆ, ಕರಪತ್ರ, ಸಹಕಾರ ಸಂಘದ ವಾರ್ಷಿಕ ವರದಿ, ಕ್ರಯಪತ್ರದ ಕರಡು ಹೀಗೆ ಹಳೆಯ ಕಡತಗಳೆಲ್ಲ ಆ ಜೋಡಿಯಲ್ಲೇ ಇವೆ. ಆ ಅಕ್ಷರಗಳಿಲ್ಲದ ಗಣಕದಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣಿಸುತ್ತದೆ. ಹೀಗಿರುವಾಗ ಸರಿಯಾಗಿ ನಡೆಯುತ್ತಿರುವ ಯಂತ್ರವನ್ನು ಯಾರು ತಾನೇ ಅಲುಗಾಡಿಸಲು ಬಯಸುತ್ತಾರೆ?

ವಿದ್ಯಾರ್ಥಿಗಳ ಸ್ಥಿತಿಯೂ ಭಿನ್ನವಲ್ಲ. ರಾಜ್ಯ ಸರ್ಕಾರ 2020ರಲ್ಲಿ ಸರ್ಕಾರಿ ಕಾಲೇಜುಗಳ ಪ್ರಥಮ ವರ್ಷದ ಪದವಿ ವಿದ್ಯಾರ್ಥಿಗಳಿಗೆ ಒಂದು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ವಿತರಿಸಿತು. ಕೊರೊನಾ ಕಾಲದ ಆನ್‌ಲೈನ್ ಪಾಠದ ಅನಿವಾರ್ಯತೆಯಿಂದ ಸಾಲ ಮಾಡಿ ಕೊಂಡವರೂ ಕಡಿಮೆಯೇನಲ್ಲ. ಆ ಯಂತ್ರಗಳಿಗೆ ಈಗ ಐದಾರು ವರ್ಷ ವಯಸ್ಸು. ತಮ್ಮನೋ ತಂಗಿಯೋ ಬಳಸುತ್ತಿರುವ ಸಾಧ್ಯತೆಯೇ ಹೆಚ್ಚು.

ಹಳೆಯ ಯಂತ್ರಕ್ಕೆ ವಿಂಡೋಸ್ 11 ಹಾಕೋಣವೆಂದರೆ ಅಲ್ಲಿ ಗೋಡೆ ಎದುರಾಗುತ್ತದೆ. 2021ರ ಅಕ್ಟೋಬರ್ 5ರಂದು ಬಿಡುಗಡೆಯಾದ ಈ ಆವೃತ್ತಿ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಇಂಟೆಲ್‌ನಲ್ಲಾದರೆ ಬಹುಮಟ್ಟಿಗೆ ಎಂಟನೇ ಪೀಳಿಗೆಯ ಪ್ರೊಸೆಸರ್ ಕೇಳುತ್ತದೆ. ಎಂಟನೇ ಪೀಳಿಗೆ ಮಾರುಕಟ್ಟೆಗೆ ಬಂದದ್ದು 2017ರಲ್ಲಿ. ಅದಕ್ಕಿಂತ ಹಳೆಯ ಯಂತ್ರ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಅಧಿಕೃತವಾಗಿ ಅದಕ್ಕೆ ಪ್ರವೇಶವಿಲ್ಲ. ಇತ್ತ ಹೊಸ ಗಣಕದ ಬೆಲೆಯೂ ಇಳಿಯುವ ಲಕ್ಷಣವಿಲ್ಲ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳತೊಡಗಿದ ಮೇಲೆ 2025ರ ಕೊನೆಯ ತಿಂಗಳುಗಳಲ್ಲಿ ಜಗತ್ತಿನೆಲ್ಲೆಡೆ ರ‍್ಯಾಮ್ ಬೆಲೆ ಏರಿತು. ಸಾಮಾನ್ಯ ಗ್ರಾಹಕರಿಗೆ ‘ಕ್ರೂಷಿಯಲ್’ ಹೆಸರಿನಲ್ಲಿ ರ‍್ಯಾಮ್ ಮತ್ತು ಎಸ್ಎಸ್‌ಡಿ ಮಾರುತ್ತಿದ್ದ ಮೈಕ್ರಾನ್ ಸಂಸ್ಥೆ ಆ ವ್ಯವಹಾರದಿಂದಲೇ ಹೊರಬರುವುದಾಗಿ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಹೊಸ ಯಂತ್ರ ದುಬಾರಿ, ಹಳೆಯದು ನಿಧಾನ. ಈ ಇಕ್ಕಟ್ಟಿನ ನಡುವಿನ ಸಂದಿನಲ್ಲೇ ವೇಗವರ್ಧಕ ತಂತ್ರಾಂಶಗಳ ವ್ಯಾಪಾರ ನಡೆಯುತ್ತದೆ.

ಬೆಲ್ಲಕ್ಕೆ ಬಿಳುಪು ತಂದಂತೆ

ಮಂಡ್ಯ ಸೀಮೆಯವರಿಗೆ ಆಲೆಮನೆಯ ಉದಾಹರಣೆ ಬೇಗ ಅರ್ಥವಾದೀತು. ಪಾಕಕ್ಕೆ ಹೈಡ್ರೋಸ್ ಬೆರೆಸಿದರೆ ಬೆಲ್ಲದ ಬಣ್ಣ ತಿಳಿಯಾಗುತ್ತದೆ, ಮಂಡಿಯಲ್ಲಿ ನೋಡುವವರ ಕಣ್ಣು ತುಂಬುತ್ತದೆ. ರುಚಿ ಹೆಚ್ಚುವುದಿಲ್ಲ, ಆರೋಗ್ಯಕ್ಕೆ ಹಾನಿ. ಬಹುಪಾಲು ‘ಒಂದೇ ಕ್ಲಿಕ್’ ತಂತ್ರಾಂಶಗಳ ಕೆಲಸವೂ ಅಂಥದ್ದೇ.

ರಿಜಿಸ್ಟ್ರಿ ಎಂಬುದು ವಿಂಡೋಸ್‌ನ ಸೆಟ್ಟಿಂಗ್‌ಗಳೆಲ್ಲ ದಾಖಲಾಗುವ ಕಣಜ. ತೆಗೆದುಹಾಕಿದ ತಂತ್ರಾಂಶಗಳ ಹಳೆಯ ನಮೂದುಗಳು ಅಲ್ಲಿ ಉಳಿದುಕೊಳ್ಳುವುದು ನಿಜ. ಆದರೆ ಅದರಿಂದ ವೇಗ ತಗ್ಗುತ್ತದೆ ಎಂಬುದು ಸರಿಯಲ್ಲ. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಸೂಚಿ ನೋಡಿ ನೇರವಾಗಿ ಬೇಕಾದ ಕಡತವನ್ನಷ್ಟೇ ಎಳೆದುಕೊಳ್ಳುವ ಗುಮಾಸ್ತನಿಗೆ ಪಕ್ಕದ ಕಪಾಟಿನಲ್ಲಿ ಎಷ್ಟು ಹಳೆಯ ಕಡತಗಳಿದ್ದರೇನು? ರಿಜಿಸ್ಟ್ರಿಯೂ ಮರದ ಕೊಂಬೆಗಳಂತೆ ಕವಲೊಡೆದ ರಚನೆ. ಬೇಕಾದ ಕೊಂಬೆಗಷ್ಟೇ ಹೋಗಿ ಓದಲಾಗುತ್ತದೆ. ಕೆಲವು ಸಾವಿರ ನಮೂದುಗಳನ್ನು ಅಳಿಸಿದರೆ ಉಳಿಯುವುದು ಅತ್ಯಲ್ಪ ಜಾಗ ಮಾತ್ರ. ಅದೇ ತಪ್ಪು ನಮೂದೊಂದು ಅಳಿದುಹೋದರೆ ಮುದ್ರಕವೋ ಕೀಲಿಮಣೆ ತಂತ್ರಾಂಶವೋ ಮಾರನೇ ದಿನ ಕೈಕೊಡುತ್ತದೆ. ರಿಜಿಸ್ಟ್ರಿ ಕ್ಲೀನರ್‌ಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿಯೇ ಹೇಳಿದೆ.

ರ‍್ಯಾಮ್ ಬೂಸ್ಟರ್‌ಗಳ ಆಟ ಇನ್ನೂ ಸ್ವಾರಸ್ಯಕರ. ಗುಂಡಿ ಒತ್ತಿದೊಡನೆ ‘2 ಜಿಬಿ ಮೆಮೊರಿ ಬಿಡುಗಡೆಯಾಯಿತು’ ಎಂಬ ಸಂದೇಶ ಬರುತ್ತದೆ. ಸುಳ್ಳೇನಲ್ಲ. ತೆರೆದಿದ್ದ ತಂತ್ರಾಂಶಗಳು ಮೆಮೊರಿಯಲ್ಲಿ ಇಟ್ಟುಕೊಂಡದ್ದನ್ನು ಅದು ಬಲವಂತವಾಗಿ ಹೊರದೂಡಿರುತ್ತದೆ. ಬಳಕೆದಾರ ಮತ್ತೆ ಆ ಕಿಟಕಿಗೆ ಮರಳಿದ ತಕ್ಷಣ ಅದೆಲ್ಲವೂ ಮತ್ತೆ ಒಳಗೆ ಬರಬೇಕು. ಅದರಲ್ಲಿ ಒಂದಷ್ಟು ಡಿಸ್ಕಿನಿಂದಲೇ ಬರಬೇಕು. ಮೇಜಿನ ಮೇಲೆ ಹರಡಿಕೊಂಡ ಕಾಗದಗಳನ್ನೆಲ್ಲ ಕಪಾಟಿಗೆ ತುಂಬಿ ಮೇಜು ಖಾಲಿಯಾಯಿತೆಂದು ಸಂಭ್ರಮಿಸಿದಂತೆ. 2007ರಲ್ಲಿ ಗ್ರಾಹಕರ ಕೈ ಸೇರಿದ ವಿಂಡೋಸ್ ವಿಸ್ಟಾ ಕಾಲದಿಂದಲೂ ಆಪರೇಟಿಂಗ್ ಸಿಸ್ಟಂ ಖಾಲಿ ಮೆಮೊರಿಯಲ್ಲಿ ಪದೇ ಪದೇ ಬಳಸುವ ತಂತ್ರಾಂಶಗಳನ್ನು ಮುಂಚಿತವಾಗಿ ತುಂಬಿಟ್ಟುಕೊಳ್ಳುತ್ತದೆ. ಅಂಕಿ ನೋಡಿದರೆ ಮೆಮೊರಿ ತುಂಬಿದಂತೆ ಕಾಣುತ್ತದೆ, ವಾಸ್ತವದಲ್ಲಿ ಅದು ವೇಗಕ್ಕಾಗಿಯೇ ಮಾಡಿದ ಏರ್ಪಾಡು.

ಇಲ್ಲದ ದೋಷ ತೋರಿಸಿ ಹಣ ಕೀಳುವ ದಂಧೆ ಅಮೆರಿಕದಂಥ ದೇಶದಲ್ಲೂ ದೊಡ್ಡ ಮಳಿಗೆಗಳವರೆಗೆ ಹಬ್ಬಿತ್ತು. ಆಫೀಸ್ ಡಿಪೋ ಮಳಿಗೆಗಳಲ್ಲಿ ‘ಪಿಸಿ ಆರೋಗ್ಯ ತಪಾಸಣೆ’ ಎಂಬ ಉಚಿತ ಸೇವೆಯಿತ್ತು. ಗಣಕ ನಿಧಾನವೇ, ಅನಪೇಕ್ಷಿತ ಜಾಹೀರಾತು ಬರುತ್ತದೆಯೇ ಮುಂತಾದ ನಾಲ್ಕು ಪ್ರಶ್ನೆಗಳಲ್ಲಿ ಯಾವುದಾದರೊಂದಕ್ಕೆ ಹೌದೆಂದು ಗುರುತು ಹಾಕಿದರೆ ಸಾಕು, ತಪಾಸಣೆಯ ಫಲಿತಾಂಶ ‘ವೈರಸ್ ಲಕ್ಷಣ’ ಎಂದೇ ಬರುತ್ತಿತ್ತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಈ ಪ್ರಕರಣದಲ್ಲಿ 2019ರಲ್ಲಿ ಆಫೀಸ್ ಡಿಪೋದಿಂದ 2.5 ಕೋಟಿ ಡಾಲರ್, ತಂತ್ರಾಂಶ ಒದಗಿಸಿದ ಸಪೋರ್ಟ್.ಕಾಂ ಸಂಸ್ಥೆಯಿಂದ 1 ಕೋಟಿ ಡಾಲರ್ ಕಕ್ಕಿಸಿತು. 2024ರ ಮಾರ್ಚ್‌ನಲ್ಲಿ ಸೈಪ್ರಸ್ ಮೂಲದ ರೆಸ್ಟೋರೊ ಮತ್ತು ರೀಇಮೇಜ್ ಎಂಬ ‘ದುರಸ್ತಿ’ ತಂತ್ರಾಂಶಗಳ ಕಂಪೆನಿಗಳು ಇಂಥದೇ ಆರೋಪದಲ್ಲಿ 2.6 ಕೋಟಿ ಡಾಲರ್ ತೆರಲು ಒಪ್ಪಿಕೊಂಡವು. ಹೆದರಿಸುವ ಸಂದೇಶ ತೋರಿಸಿ ಹಣ ಕೇಳುವ ತಂತ್ರಾಂಶಗಳನ್ನು ಮೈಕ್ರೋಸಾಫ್ಟ್ ಕೂಡ 2018ರ ಮಾರ್ಚ್ 1ರಿಂದ ‘ಅನಪೇಕ್ಷಿತ’ ಪಟ್ಟಿಗೆ ಸೇರಿಸಿ ತೆಗೆದುಹಾಕತೊಡಗಿತು. ಹಾಗೆಂದು ಅವು ಮಾಯವಾಗಿಲ್ಲ, ಹೆಸರು ಬದಲಿಸಿಕೊಂಡು ಬರುತ್ತಲೇ ಇವೆ.

ಒಳ್ಳೆಯ ಹೆಸರೂ ಭರವಸೆಯಲ್ಲ

ಹೆಸರಾಂತ ತಂತ್ರಾಂಶವಾದರೆ ಚಿಂತೆಯಿಲ್ಲ ಎಂಬ ಮಾತಿಗೆ ಸಿಕ್ಲೀನರ್ ಪ್ರಕರಣವೇ ಉತ್ತರ. ಅನಗತ್ಯ ಕಡತಗಳನ್ನು ಗುಡಿಸುವ ಈ ಉಚಿತ ತಂತ್ರಾಂಶವನ್ನು ಜಗತ್ತಿನಾದ್ಯಂತ ಕೋಟ್ಯಂತರ ಜನ ಬಳಸುತ್ತಿದ್ದರು. ಅದನ್ನು ತಯಾರಿಸಿದ ಪಿರಿಫಾರ್ಮ್ ಸಂಸ್ಥೆಯನ್ನು ಆ್ಯಂಟಿವೈರಸ್ ಕಂಪೆನಿ ಅವಾಸ್ಟ್ 2017ರ ಜುಲೈನಲ್ಲಿ ಕೊಂಡಿತು. ಅಷ್ಟರಲ್ಲಾಗಲೇ ದುಷ್ಕರ್ಮಿಗಳು ಪಿರಿಫಾರ್ಮ್‌ನ ಜಾಲದೊಳಗೆ ನುಸುಳಿದ್ದರು. ಆಗಸ್ಟ್ 15ರಂದು ಹೊರಬಂದ 5.33ನೇ ಆವೃತ್ತಿಯೊಳಗೆ ಗುಪ್ತ ಬಾಗಿಲೊಂದು ಸೇರಿಕೊಂಡಿತ್ತು. ಕಂಪೆನಿಯ ಅಸಲಿ ಡಿಜಿಟಲ್ ಸಹಿಯೂ ಅದರ ಮೇಲಿತ್ತು. ಅಧಿಕೃತ ತಾಣದಿಂದಲೇ ಇಳಿಸಿಕೊಂಡ 22 ಲಕ್ಷಕ್ಕೂ ಹೆಚ್ಚು ಗಣಕಗಳಿಗೆ ಅದು ತಲುಪಿತು. ಮಾರ್ಫಿಸೆಕ್ ಮತ್ತು ಸಿಸ್ಕೊ ಟ್ಯಾಲೋಸ್ ತಜ್ಞರು ಪತ್ತೆ ಹಚ್ಚುವ ವೇಳೆಗೆ ಸುಮಾರು ಒಂದು ತಿಂಗಳು ಉರುಳಿತ್ತು. ದಾಳಿಕೋರರ ನಿಜವಾದ ಗುರಿ ಬೃಹತ್ ತಂತ್ರಜ್ಞಾನ ಸಂಸ್ಥೆಗಳಾಗಿದ್ದು, ಎರಡನೇ ಹಂತದ ಕುತಂತ್ರಾಂಶ ತಲುಪಿದ್ದು ಸುಮಾರು 40 ಗಣಕಗಳಿಗೆ ಮಾತ್ರ. ಉಳಿದ ಲಕ್ಷಾಂತರ ಜನ ಬಚಾವಾದದ್ದು ಅವರ ಜಾಣತನದಿಂದಲ್ಲ, ದಾಳಿಕೋರರಿಗೆ ಅವರು ಬೇಡವಾಗಿದ್ದರು ಎಂಬ ಕಾರಣದಿಂದ.

ಗಣಕದ ಆಳದಲ್ಲಿ ಕೈಯಾಡಿಸಲು ಇಂಥ ತಂತ್ರಾಂಶಗಳಿಗೆ ಆಡಳಿತಗಾರನ ಪೂರ್ಣ ಅಧಿಕಾರ ಬೇಕೇ ಬೇಕು. ‘ಅನುಮತಿ ನೀಡುವಿರಾ’ ಎಂಬ ಪ್ರಶ್ನೆಗೆ ಹೌದೆಂದು ಒತ್ತಿದ ಕ್ಷಣದಲ್ಲಿ ಮನೆಯ ಬೀಗದ ಕೈ ಗೊಂಚಲು ಇನ್ನೊಬ್ಬರ ಕೈ ಸೇರುತ್ತದೆ. ಅವರು ಒಳ್ಳೆಯವರೇ ಇರಬಹುದು. ಗೊಂಚಲನ್ನು ಅವರಿಂದ ಬೇರಾರೂ ಕದಿಯಲಾರರು ಎಂಬುದಕ್ಕೆ ಖಾತರಿಯಿಲ್ಲ.

ನಿಜಕ್ಕೂ ವೇಗ ತರುವ ಸಾಧನಗಳು

ಹಾಗೆಂದ ಮಾತ್ರಕ್ಕೆ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ತೆಳು ಲ್ಯಾಪ್‌ಟಾಪ್‌ಗಳು ಬಿಸಿಯೇರಿದಾಗ ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ. ಪ್ರೊಸೆಸರ್‌ನ ಒಳಗಿನ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ಸುಟ್ಟುಹೋಗದಿರಲಿ ಎಂದು ಮಾಡಿದ ವ್ಯವಸ್ಥೆಯಿದು. ಏಪ್ರಿಲ್ ಬಿಸಿಲಿನಲ್ಲಿ ಶೀಟಿನ ಮಾಡಿನ ಕೆಳಗೆ, ದೂಳು ತುಂಬಿದ ಫ್ಯಾನ್ ಇರುವ ಲ್ಯಾಪ್‌ಟಾಪ್ ತನ್ನ ಪೂರ್ಣ ಸಾಮರ್ಥ್ಯವನ್ನು ಕಾಣುವುದೇ ಇಲ್ಲ. ಥ್ರಾಟಲ್‌ಸ್ಟಾಪ್‌ನಂಥ ಸಾಧನ ಇಲ್ಲಿ ಕೆಲಸಕ್ಕೆ ಬರುತ್ತದೆ. ಪ್ರೊಸೆಸರ್‌ಗೆ ಹರಿಯುವ ವೋಲ್ಟೇಜನ್ನು ತುಸು ಇಳಿಸಿದರೆ ಶಾಖ ಕಡಿಮೆಯಾಗಿ ವೇಗ ಹೆಚ್ಚು ಹೊತ್ತು ನಿಲ್ಲುತ್ತದೆ. ವಿದ್ಯುತ್ ಬಳಕೆ ಬಹುಮಟ್ಟಿಗೆ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ವೋಲ್ಟೇಜ್ ಶೇ 5ರಷ್ಟು ಇಳಿದರೆ ಬಳಕೆ ಹೆಚ್ಚುಕಡಿಮೆ ಶೇ 10ರಷ್ಟು ಇಳಿಯುತ್ತದೆ. ಕಂಪೆನಿಗಳು ಕಾರ್ಖಾನೆಯಲ್ಲಿ ಸುರಕ್ಷತೆಯ ದೃಷ್ಟಿಯಿಂದ ಬಿಟ್ಟಿರುವ ಅಂತರವನ್ನು ಬಳಸಿಕೊಳ್ಳುವ ಈ ವಿಧಾನ ಹೈಡ್ರೋಸ್ ಅಲ್ಲ, ನಿಜವಾದ ಲಾಭ.

ಆದರೆ ಇಲ್ಲಿಯೂ ಬಾಗಿಲು ಮುಚ್ಚುತ್ತ ಬಂದಿದೆ. ಅದಕ್ಕೆ ಕಾರಣವೂ ಇದೆ. ತಂತ್ರಾಂಶದ ಮೂಲಕ ವೋಲ್ಟೇಜನ್ನು ಅತಿಯಾಗಿ ಇಳಿಸಿ ಇಂಟೆಲ್ ಪ್ರೊಸೆಸರ್ ಲೆಕ್ಕ ತಪ್ಪುವಂತೆ ಮಾಡಿ, ಅದರ ರಹಸ್ಯ ಕೋಶದೊಳಗಿನ ಗುಪ್ತ ಕೀಲಿಗಳನ್ನು ಕದಿಯಬಹುದು ಎಂಬುದನ್ನು ಬರ್ಮಿಂಗ್‌ಹ್ಯಾಂ, ಗ್ರಾಟ್ಸ್ ಮತ್ತು ಲ್ಯೂವೆನ್ ವಿಶ್ವವಿದ್ಯಾಲಯಗಳ ಸಂಶೋಧಕರು 2019ರ ಡಿಸೆಂಬರ್‌ನಲ್ಲಿ ತೋರಿಸಿಕೊಟ್ಟರು. ‘ಪ್ಲಂಡರ್‌ವೋಲ್ಟ್’ ಎಂದು ಹೆಸರಾದ ಈ ಲೋಪದ ಬಳಿಕ ಹಲವು ಲ್ಯಾಪ್‌ಟಾಪ್ ತಯಾರಕರು ಬಯೋಸ್ ಅಪ್‌ಡೇಟ್ ಮೂಲಕ ವೋಲ್ಟೇಜ್ ತಿದ್ದುವ ಅವಕಾಶಕ್ಕೇ ಬೀಗ ಹಾಕಿದರು. ಬೀಗ ತೆಗೆಯಲು ತಿದ್ದಿದ ಬಯೋಸ್ ತುಂಬಿಸಿ ಎನ್ನುವವರಿದ್ದಾರೆ. ಬಯೋಸ್ ಬರೆಯುವ ನಡುವೆ ಕರೆಂಟು ಹೋದರೆ ಯಂತ್ರ ಮತ್ತೆ ಏಳುವುದೇ ಅನುಮಾನ. 1902ರಲ್ಲೇ ವಿದ್ಯುತ್ ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗೆ ಕಳುಹಿಸಿದ ಶಿವನಸಮುದ್ರ ಮಳವಳ್ಳಿ ತಾಲ್ಲೂಕಿನಲ್ಲೇ ಇದೆಯೆಂದ ಮಾತ್ರಕ್ಕೆ ಕರೆಂಟು ಕೈಕೊಡದು ಎಂದು ನಂಬಿ ಕೂರಲಾಗದು.

ಇನ್ನೊಂದು ತೊಡಕು ಡ್ರೈವರ್‌ಗಳದ್ದು. ಫ್ಯಾನಿನ ವೇಗ, ಉಷ್ಣತೆ, ವೋಲ್ಟೇಜ್ ಮೊದಲಾದವನ್ನು ಓದಲು ಸಾಮಾನ್ಯ ತಂತ್ರಾಂಶಕ್ಕೆ ಅವಕಾಶವಿಲ್ಲ. ಅದಕ್ಕಾಗಿ ಆಪರೇಟಿಂಗ್ ಸಿಸ್ಟಂನ ಗರ್ಭಗುಡಿಯಲ್ಲಿ ಕುಳಿತುಕೊಳ್ಳುವ ಡ್ರೈವರ್ ಬೇಕು. ಅನೇಕ ಉಚಿತ ಸಾಧನಗಳು ‘ವಿನ್‌ರಿಂಗ್ ಝೀರೋ’ ಎಂಬ ಒಂದೇ ಹಳೆಯ ಡ್ರೈವರನ್ನು ಎರವಲು ಪಡೆದು ಬಳಸುತ್ತಿದ್ದವು. ಅದರಲ್ಲಿನ ಗಂಭೀರ ಲೋಪ 2020ರಲ್ಲೇ ಬಯಲಾಗಿತ್ತು. 2025ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಅದನ್ನು ಅಪಾಯಕಾರಿಯೆಂದು ಗುರುತಿಸಿ ತಡೆಯಲಾರಂಭಿಸಿದಾಗ ಫ್ಯಾನ್ ಕಂಟ್ರೋಲ್, ಓಪನ್ ಆರ್‌ಜಿಬಿ ಮುಂತಾದ ಜನಪ್ರಿಯ, ಪ್ರಾಮಾಣಿಕ ಸಾಧನಗಳೂ ಸಿಲುಕಿಕೊಂಡವು. ಗ್ರಾಫಿಕ್ಸ್ ಕಾರ್ಡಿನ ವೇಗ ಹೆಚ್ಚಿಸುವ ಎಂಎಸ್ಐ ಆಫ್ಟರ್‌ಬರ್ನರ್ ಜತೆಗಿದ್ದ ಡ್ರೈವರಿನ ಲೋಪವನ್ನು ‘ಬ್ಲ್ಯಾಕ್‌ಬೈಟ್’ ಎಂಬ ಸುಲಿಗೆಕೋರರ ಗುಂಪು ಬಳಸಿಕೊಂಡು ಆ್ಯಂಟಿವೈರಸ್‌ಗಳ ಕಣ್ಣು ಕಟ್ಟುತ್ತಿದೆಯೆಂದು ಸೊಫೋಸ್ ಸಂಸ್ಥೆ 2022ರ ಅಕ್ಟೋಬರ್‌ನಲ್ಲಿ ವರದಿ ಮಾಡಿತು. ಆ ಡ್ರೈವರನ್ನು ದಾಳಿಕೋರರೇ ತಮ್ಮೊಡನೆ ತರುತ್ತಿದ್ದರು. ಅಸಲಿ ಸಹಿಯಿರುವ ಡ್ರೈವರ್ ಆದ್ದರಿಂದ ವಿಂಡೋಸ್ ಅದನ್ನು ಒಳಗೆ ಬಿಟ್ಟುಕೊಳ್ಳುತ್ತಿತ್ತು. ಒಳ್ಳೆಯ ಉದ್ದೇಶದಿಂದ ತಯಾರಾದ ಸಲಕರಣೆ ಕಳ್ಳನ ಕೈಯ ಹಾರೆಯಾಗುವುದು ಹೀಗೆ.

ವಿಂಡೋಸ್ 11ರ ಗೋಡೆ ದಾಟಿಸುವ ಸಾಧನಗಳದ್ದೂ ಇದೇ ಬಗೆಯ ಇಬ್ಬಂದಿ. ರೂಫಸ್ ಎಂಬ ಮುಕ್ತ ತಂತ್ರಾಂಶದಿಂದ ಪೆನ್‌ಡ್ರೈವ್ ಸಿದ್ಧಪಡಿಸುವಾಗ ಟಿಪಿಎಂ ತಪಾಸಣೆಯನ್ನು ಕೈಬಿಡುವ ಆಯ್ಕೆಯಿದೆ. ಎಸ್ಎಸ್‌ಡಿ ಮತ್ತು 8 ಜಿಬಿ ರ‍್ಯಾಮ್ ಇರುವ ಆರನೇ, ಏಳನೇ ಪೀಳಿಗೆಯ ಗಣಕದಲ್ಲಿ ವಿಂಡೋಸ್ 11 ಸಾಕಷ್ಟು ಸಲೀಸಾಗಿಯೇ ನಡೆಯುತ್ತದೆ. ಆದರೆ ಇಂಥ ಯಂತ್ರಗಳಿಗೆ ಅಪ್‌ಡೇಟ್ ಪಡೆಯುವ ಹಕ್ಕಿಲ್ಲ ಎಂದು ಮೈಕ್ರೋಸಾಫ್ಟ್ ಬರೆದಿಟ್ಟಿದೆ. ಇಂದು ಬರುವ ತೇಪೆ ನಾಳೆ ನಿಂತರೆ ಕೇಳುವಂತಿಲ್ಲ. ತೀರಾ ಹಳೆಯ ಕೋರ್ 2 ಡ್ಯುಯೋ ಯಂತ್ರಗಳಿಗಂತೂ 2024ರಲ್ಲಿ ಬಂದ 24ಎಚ್2 ಆವೃತ್ತಿಯ ನಂತರ ಈ ದಾರಿಯೂ ಇಲ್ಲ. ಆ ಪ್ರೊಸೆಸರ್‌ಗಳಿಗೆ ಗೊತ್ತೇ ಇಲ್ಲದ ಆಜ್ಞೆಗಳನ್ನು ಅದು ಬಳಸುತ್ತದೆ. ಬೇಡದ ಭಾಗಗಳನ್ನು ಕತ್ತರಿಸಿ ಯಾರೋ ಸಿದ್ಧಪಡಿಸಿಟ್ಟ ‘ಹಗುರ ವಿಂಡೋಸ್’ ಇಳಿಸಿಕೊಳ್ಳುವುದು ಇನ್ನೂ ಹೆಚ್ಚಿನ ಗಂಡಾಂತರ. ಏನನ್ನು ತೆಗೆದಿದ್ದಾರೆ ಎಂಬುದನ್ನು ಹೇಳುತ್ತಾರೆ. ಏನನ್ನು ಸೇರಿಸಿದ್ದಾರೆ ಎಂಬುದನ್ನು ಯಾರೂ ಹೇಳುವುದಿಲ್ಲ.

ಅಡ್ಡದಾರಿಯ ಬೆಲೆ

ಬಿಎಸ್ಎ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಜಾಗತಿಕ ಸಮೀಕ್ಷೆಯ ಪ್ರಕಾರ 2017ರಲ್ಲಿ ಭಾರತದ ಗಣಕಗಳಲ್ಲಿ ಸ್ಥಾಪಿತವಾಗಿದ್ದ ತಂತ್ರಾಂಶದಲ್ಲಿ ಶೇ 56 ಪರವಾನಗಿ ಇಲ್ಲದ್ದು. ಅಂದರೆ ವೇಗವರ್ಧಕದ ಮಾತು ಬರುವ ಮೊದಲೇ ಅರ್ಧಕ್ಕಿಂತ ಹೆಚ್ಚು ತಂತ್ರಾಂಶ ಅಡ್ಡದಾರಿಯಲ್ಲಿ ಬಂದಿರುತ್ತದೆ. ವಿಂಡೋಸ್ ಮತ್ತು ಆಫೀಸ್‌ನ ಪರವಾನಗಿ ಮುರಿಯುವ ಕೆಎಂಎಸ್‌ಪಿಕೊ ಹೆಸರಿನಲ್ಲಿ ‘ಕ್ರಿಪ್ಟ್‌ಬಾಟ್’ ಎಂಬ ಕಳ್ಳತಂತ್ರಾಂಶ ಹರಡುತ್ತಿದೆಯೆಂದು ರೆಡ್ ಕೆನರಿ ಸಂಸ್ಥೆ 2021ರ ಡಿಸೆಂಬರ್‌ನಲ್ಲಿ ಎಚ್ಚರಿಸಿತ್ತು. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್, ಕುಕಿ, ಕಾರ್ಡ್ ವಿವರಗಳೇ ಅದರ ಬೇಟೆ. 2023ರ ಏಪ್ರಿಲ್‌ನಲ್ಲಿ ಅದರ ಹಂಚಿಕೆದಾರರ ವಿರುದ್ಧ ಮೊಕದ್ದಮೆ ಹೂಡಿದ ಗೂಗಲ್, ಹಿಂದಿನ ಒಂದು ವರ್ಷದಲ್ಲಿ ಸುಮಾರು 6.7 ಲಕ್ಷ ಗಣಕಗಳು ಸೋಂಕಿಗೆ ಒಳಗಾಗಿವೆಯೆಂದು ಅಂದಾಜಿಸಿತು.

ಆ್ಯಕ್ಟಿವೇಟರ್ ಜತೆಗಿನ ಸೂಚನೆಯಲ್ಲಿ ಮೊದಲ ಸಾಲೇ ‘ಆ್ಯಂಟಿವೈರಸ್ ನಿಷ್ಕ್ರಿಯಗೊಳಿಸಿ’ ಎಂದಿರುತ್ತದೆ. ಅದನ್ನು ಓದಿಯೂ ಮುಂದುವರಿಯುವವರಿದ್ದಾರೆ ಎಂಬುದು ಆಶ್ಚರ್ಯವಾದರೂ ಸತ್ಯ. ಅನೇಕ ‘ವೇಗ ಹೆಚ್ಚಿಸುವ’ ಸ್ಕ್ರಿಪ್ಟ್‌ಗಳೂ ಡಿಫೆಂಡರ್ ಮತ್ತು ವಿಂಡೋಸ್ ಅಪ್‌ಡೇಟ್ ಎರಡನ್ನೂ ನಿಲ್ಲಿಸುತ್ತವೆ. ಇವು ನಿಂತರೆ ಹಳೆಯ ಹಾರ್ಡ್‌ಡಿಸ್ಕಿನ ಗಣಕ ಹಗುರವಾದಂತೆ ಅನಿಸುವುದು ಸುಳ್ಳಲ್ಲ. ಅಪ್‌ಡೇಟ್ ನಿಲ್ಲಿಸುವುದರ ಪರಿಣಾಮ 2017ರಲ್ಲಿ ನೆರೆಯ ಕೇರಳದ ಬಾಗಿಲಿಗೇ ಬಂದಿತ್ತು. ವಾನ್ನಾಕ್ರೈ ಸುಲಿಗೆ ತಂತ್ರಾಂಶ ತಡೆಯುವ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ನೀಡಿತ್ತು. ದಾಳಿ ನಡೆದದ್ದು ಮೇ 12ರಂದು. ನಡುವೆ ಎರಡು ತಿಂಗಳ ಕಾಲಾವಕಾಶವಿದ್ದರೂ ವಯನಾಡ್ ಜಿಲ್ಲೆಯ ತರಿಯೋಡ್ ಗ್ರಾಮ ಪಂಚಾಯಿತಿಯ ಗಣಕಗಳು ಸೇರಿದಂತೆ ಜಗತ್ತಿನಾದ್ಯಂತ ಲಕ್ಷಾಂತರ ಯಂತ್ರಗಳ ಕಡತಗಳಿಗೆ ಬೀಗ ಬಿತ್ತು.

ಯಾರ ಕಾಗದ, ಯಾರ ಗಣಕ?

ತನ್ನ ಮನೆಯ ಗಣಕದಲ್ಲಿ ಆಟದ ವೇಗಕ್ಕಾಗಿ ಯಾರಾದರೂ ಸಾಹಸ ಮಾಡಿದರೆ ಅದು ಅವರ ಲಾಭ, ಅವರ ನಷ್ಟ. ಅಂಗಡಿಯ ಗಣಕದ ವಿಷಯ ಹಾಗಲ್ಲ. ಮಂಡ್ಯ ಜಿಲ್ಲೆಯ ರೈತನೊಬ್ಬ ಬೆಳೆ ವಿಮೆಗೋ ಸಾಲದ ಅರ್ಜಿಗೋ ಅಂಗಡಿಗೆ ಬಂದಾಗ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಪುಸ್ತಕದ ಮೊದಲ ಪುಟ, ಭಾವಚಿತ್ರ ನಾಲ್ಕೂ ಒಂದೇ ಫೋಲ್ಡರ್‌ಗೆ ಸೇರುತ್ತವೆ. ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳು ಗಣಕಕ್ಕೆ ಸೇರಿದ ಕಾಲದಲ್ಲಿ ಪಹಣಿ ಮುದ್ರಣವಾಗುತ್ತಿದ್ದುದು ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ. ಈಗ ಯಾರ ಗಣಕದಲ್ಲಾದರೂ ಆಗುತ್ತದೆ. 2022ರ ಜನವರಿ 26ರಂದು ಚಾಲನೆ ಪಡೆದ ‘ಗ್ರಾಮ ಒನ್’ ಕೇಂದ್ರಗಳು ಸರ್ಕಾರಿ ಸೇವೆಯನ್ನು ಖಾಸಗಿ ನಿರ್ವಾಹಕರ ಮೂಲಕ ಹಳ್ಳಿಯವರೆಗೆ ಒಯ್ದಿವೆ. ಅನುಕೂಲವೇ ಸರಿ. ಕಾಗದಪತ್ರಗಳ ಕಾವಲು ಮಾತ್ರ ಹಂಚಿಹೋಗಿದೆ.

ಬೆರಳಚ್ಚಿನ ಮಟ್ಟಿಗೆ ತುಸು ನೆಮ್ಮದಿಯಿದೆ. ಆಧಾರ್‌ಗೆ ನೋಂದಾಯಿತವಾದ ಉಪಕರಣಗಳು ಬೆರಳಚ್ಚನ್ನು ಗಣಕಕ್ಕೆ ನೀಡುವ ಮುನ್ನವೇ ಗೂಢಲಿಪಿಗೆ ಪರಿವರ್ತಿಸುತ್ತವೆ. ಆದರೆ ಇ-ಆಧಾರ್ ಪಿಡಿಎಫ್ ಕಡತದ ಪಾಸ್‌ವರ್ಡ್ ಎಂದರೆ ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷ. ಅದೇ ಫೋಲ್ಡರ್‌ನಲ್ಲಿರುವ ಅಂಕಪಟ್ಟಿಯಲ್ಲಿ ಎರಡೂ ಇರುತ್ತವೆ! ಗಣಕದ ವೇಗಕ್ಕೆಂದು ತಂದ ತಂತ್ರಾಂಶ ಆ ಫೋಲ್ಡರನ್ನು ಹೊರಗೆ ಸಾಗಿಸಿದರೆ ಅಂಗಡಿಯವರಿಗೂ ಗೊತ್ತಾಗದು, ರೈತನಿಗಂತೂ ಆರು ತಿಂಗಳ ನಂತರ ಅವನ ಹೆಸರಿನಲ್ಲಿ ಯಾರೋ ಸಿಮ್ಮನ್ನೋ ಸಾಲವನ್ನೋ ಪಡೆದಾಗಲೇ ಬಿಸಿ ತಟ್ಟುವುದು. ವೇಗದ ಲಾಭ ಒಬ್ಬರಿಗೆ, ಅಪಾಯ ಇನ್ನೊಬ್ಬರಿಗೆ ಆದಲ್ಲಿ ಎಚ್ಚರಿಕೆ ತಾನಾಗಿ ಹುಟ್ಟುವುದಿಲ್ಲ. ಸೇವಾ ಕೇಂದ್ರಗಳಿಗೆ ಪರವಾನಗಿ ಕೊಡುವವರು ಗಣಕದ ಸ್ಥಿತಿಯನ್ನೂ ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಬೇಕು ಎಂದು ನಿರೀಕ್ಷಿಸುವುದು ಅತಿಯಾಸೆಯಲ್ಲ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲೇ ಬಂದಿದ್ದರೂ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು ನೀಡಲಾಗಿದೆ. ಸೂಕ್ತ ಭದ್ರತಾ ಕ್ರಮ ಕೈಗೊಳ್ಳದವರಿಗೆ ಕಾಯ್ದೆಯಲ್ಲಿರುವ ಗರಿಷ್ಠ ದಂಡ 250 ಕೋಟಿ ರೂಪಾಯಿ. ಬೃಹತ್ ಕಂಪೆನಿಗಳನ್ನು ಕಣ್ಣಮುಂದಿಟ್ಟುಕೊಂಡು ಬರೆದ ಮೊತ್ತವಿದು, ಪೇಟೆ ಬೀದಿಯ ಜೆರಾಕ್ಸ್ ಅಂಗಡಿಗೆ ಇದನ್ನು ಅನ್ವಯಿಸುವುದು ಹೇಗೆಂಬುದು ಬೇರೆಯೇ ಪ್ರಶ್ನೆ.

ಖರ್ಚಿಲ್ಲದ ದಾರಿ, ಖರ್ಚಿನ ದಾರಿ

ಹಳೆಯ ಗಣಕ ನಿಧಾನವಾಗಲು ಬಹುತೇಕ ಸಂದರ್ಭಗಳಲ್ಲಿ ತಿರುಗುವ ಹಾರ್ಡ್‌ಡಿಸ್ಕೇ ಕಾರಣ. ಚದುರಿದ ಸಣ್ಣ ಕಡತಗಳನ್ನು ಅದು ಸೆಕೆಂಡಿಗೆ ಸುಮಾರು ನೂರು ಬಾರಿ ಓದಬಲ್ಲದು, ಅಗ್ಗದ ಎಸ್ಎಸ್‌ಡಿಯೂ ಹತ್ತಾರು ಸಾವಿರ ಬಾರಿ ಓದುತ್ತದೆ. ಯಾವ ತಂತ್ರಾಂಶವೂ ಈ ಅಂತರವನ್ನು ತುಂಬಲಾರದು. ಬೆಲೆ ಏರಿದ್ದರೂ 256 ಜಿಬಿಯ ಎಸ್ಎಸ್‌ಡಿ ಇಂದಿಗೂ ಹೊಸ ಗಣಕದ ಬೆಲೆಯ ಒಂದು ಸಣ್ಣ ಪಾಲು ಮಾತ್ರ. ಹಳೆಯ ಡಿಸ್ಕನ್ನು ಹಾಗೆಯೇ ನಕಲು ಮಾಡಿ ಎಸ್ಎಸ್‌ಡಿಗೆ ಏರಿಸಿದರೆ ಪೇಜ್‌ಮೇಕರ್, ನುಡಿ, ಹಳೆಯ ಕಡತಗಳೆಲ್ಲ ಇದ್ದಲ್ಲೇ ಇರುತ್ತವೆ. ಫ್ಯಾನಿನ ದೂಳು ತೆಗೆದು ಪ್ರೊಸೆಸರ್ ಮೇಲಿನ ಒಣಗಿದ ಪೇಸ್ಟ್ ಬದಲಿಸುವುದು ಅರ್ಧ ಗಂಟೆಯ ಕೆಲಸ.

ಗಣಕ ಚಾಲೂ ಆಗುವಾಗ ತಾವೇ ಎದ್ದು ಕೂರುವ ತಂತ್ರಾಂಶಗಳನ್ನು ನಿಲ್ಲಿಸುವುದಕ್ಕೆ ಹೊರಗಿನ ಸಾಧನ ಬೇಕಿಲ್ಲ. ವಿಂಡೋಸ್ 8ರಿಂದೀಚೆಗೆ ಟಾಸ್ಕ್ ಮ್ಯಾನೇಜರ್‌ನಲ್ಲೇ ಆ ಪಟ್ಟಿಯಿದೆ. ಆಳವಾಗಿ ನೋಡಬಯಸುವವರಿಗೆ ಸಿಸ್‌ಇಂಟರ್ನಲ್ಸ್‌ನ ಆಟೋರನ್ಸ್ ಇದೆ. ಮೂಲತಃ ಅದೂ ಹೊರಗಿನವರದ್ದೇ. ಅದರ ಗುಣ ಮೆಚ್ಚಿ ಮೈಕ್ರೋಸಾಫ್ಟ್ 2006ರಲ್ಲಿ ಆ ಸಂಸ್ಥೆಯನ್ನೇ ಕೊಂಡುಕೊಂಡಿತು. ಹೊರಗಿನವರ ಸಾಧನವೆಂದರೆ ಕೆಟ್ಟದ್ದೇ ಎಂಬ ತೀರ್ಮಾನಕ್ಕೆ ಇದು ಅಪವಾದ. ಗಣಕಕ್ಕೆ ಸೋಂಕು ತಗುಲಿದೆಯೆಂಬ ಶಂಕೆಯಿದ್ದರೆ ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಉಚಿತ ನಿವಾರಣಾ ಸಾಧನಗಳನ್ನು ಒದಗಿಸುತ್ತಿದೆ. ಹಣ ಹೋಗಿದ್ದರೆ 1930 ಸಹಾಯವಾಣಿಗೆ ಕೂಡಲೇ ಕರೆ ಮಾಡುವುದು ಒಳಿತು.

ಬ್ರೌಸರ್ ಮತ್ತು ಟೈಪಿಂಗ್ ಬಿಟ್ಟು ಬೇರೇನೂ ಬೇಡದ ವಿದ್ಯಾರ್ಥಿಗೆ ಲಿನಕ್ಸ್ ಮಿಂಟ್ ಅಥವಾ ಲುಬುಂಟು ಸಾಕು. ಯೂನಿಕೋಡ್ ಕನ್ನಡ ಅದರಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಡಿಟಿಪಿ ಅಂಗಡಿಗೆ ಈ ಮಾತು ಹೇಳಲಾಗದು, ಪೇಜ್‌ಮೇಕರ್ ಅಲ್ಲಿಗೆ ಬರುವುದಿಲ್ಲ. ಅಂಥವರು ಹಳೆಯ ಯಂತ್ರವನ್ನು ಅಂತರ್ಜಾಲದಿಂದ ಬೇರ್ಪಡಿಸಿ ಮುದ್ರಣಕ್ಕಷ್ಟೇ ಇಟ್ಟುಕೊಂಡು, ಅರ್ಜಿ ಮತ್ತು ಹಣ ಪಾವತಿಗೆ ಇನ್ನೊಂದು ಯಂತ್ರ ಬಳಸಬಹುದು.

ವಿಂಡೋಸ್ 10ರಲ್ಲೇ ಉಳಿಯುವ ಗೃಹ ಬಳಕೆದಾರರಿಗೆ ಮೈಕ್ರೋಸಾಫ್ಟ್ ನೀಡಿದ ವಿಸ್ತರಿತ ಭದ್ರತಾ ಬೆಂಬಲ 2026ರ ಅಕ್ಟೋಬರ್ 13ರವರೆಗಿನದು. ಮೈಕ್ರೋಸಾಫ್ಟ್ ಖಾತೆಯೊಂದಿಗೆ ಸೆಟ್ಟಿಂಗ್‌ಗಳನ್ನು ಬ್ಯಾಕಪ್ ಮಾಡುವವರಿಗೆ ಅದು ಉಚಿತ, ಇಲ್ಲವಾದರೆ 30 ಡಾಲರ್. ಸಂಸ್ಥೆಗಳಿಗೆ ಗಣಕವೊಂದಕ್ಕೆ ಮೊದಲ ವರ್ಷ 61 ಡಾಲರ್, ಮುಂದೆ ವರ್ಷದಿಂದ ವರ್ಷಕ್ಕೆ ಇಮ್ಮಡಿಯಾಗುತ್ತ ಗರಿಷ್ಠ ಮೂರು ವರ್ಷ. ಎರಡಕ್ಕೂ ಒಂದು ಷರತ್ತಿದೆ: ಗಣಕ 22ಎಚ್2 ಆವೃತ್ತಿಯಲ್ಲಿರಬೇಕು. ವೇಗದ ಆಸೆಗೆ ಅಪ್‌ಡೇಟ್ ನಿಲ್ಲಿಸುವ ತಂತ್ರಾಂಶ ಹಾಕಿಸಿಕೊಂಡು ಹಳೆಯ ಆವೃತ್ತಿಯಲ್ಲೇ ಉಳಿದಿರುವ ಗಣಕಗಳು ಮೊದಲು ಆ ತಡೆಯನ್ನು ತೆಗೆಸಿಕೊಂಡು ಅಲ್ಲಿಗೆ ಬರಬೇಕಾಗುತ್ತದೆ.